ಅಂಚಿನ ಅರಿಶಿನ

ಅವರ ತಲೆ ಯಾವಾಗಲೂ ಸ್ವಲ್ಪ ಎಡಕ್ಕೆ ವಾಲಿರುತ್ತಿತ್ತು ಎಂದು ನನ್ನ ನೆನಪು. ಬಲಕ್ಕೆ ಎನ್ನುತ್ತಾರೆ ಅವರ ಹೆಂಡತಿ. ಅಷ್ಟು ವರ್ಷ ಜೊತೆಗೆ ಬದುಕಿದವರ ಮಾತನ್ನೇ ನಂಬಬೇಕು. ಆದರೆ ಕಣ್ಣು ಮುಚ್ಚಿದರೆ ನನಗೆ ಕಾಣುವುದು ಎಡಕ್ಕೆ ವಾಲಿದ ತಲೆಯೇ. ಪಾಲಹಳ್ಳಿಯ ಅವರ ಮನೆಯ ಗೋಡೆಯಲ್ಲಿ, ಹಾರ ಹಾಕಿದ ಪಟದಲ್ಲಿ, ಅದು ನೆಟ್ಟಗಿದೆ. ಸ್ಟುಡಿಯೋದವನು ಗದ್ದ ಹಿಡಿದು ಸರಿಮಾಡಿರಬೇಕು. ಹಾಗಾಗಿ ಆ ಪಟವೂ ಸಾಕ್ಷಿಗೆ ಬರುವುದಿಲ್ಲ.

ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅವರ ಬಗ್ಗೆ ನಾನು ಬರೆಯುವುದರಲ್ಲಿ ಎಷ್ಟು ನಾನೇ ಕಂಡದ್ದು, ಎಷ್ಟು ಅವರ ಬಾಯಿಂದ ಕೇಳಿ ಕೇಳಿ ಕಂಡಂತಾದದ್ದು ಎಂಬುದು ನನಗೆ ಸ್ಪಷ್ಟವಿಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳು. ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಯಾವ ಕೆಲಸದಲ್ಲೂ ನೆಲೆ ನಿಲ್ಲದೆ ಅಲೆಯುತ್ತಿದ್ದ ನಾನು ಶ್ರೀರಂಗಪಟ್ಟಣದ ಕೋಟೆಯೊಳಗೆ ಒಂದು ಬಾಡಿಗೆ ಮನೆಯಲ್ಲಿದ್ದ ಸಂಶೋಧನಾ ಯೋಜನೆಗೆ ಸೇರಿದೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳಲ್ಲಿ ಮೂರ್ಛೆರೋಗ ಇದ್ದವರನ್ನು ಹುಡುಕಿ, ವ್ಯಾನಿನಲ್ಲಿ ಮೈಸೂರಿಗೆ ಕರೆದೊಯ್ದು, ತಲೆಯ ಸ್ಕ್ಯಾನ್ ತೆಗೆಸುವುದು ಆ ಯೋಜನೆಯ ಕೆಲಸ. ಸರಿಯಾಗಿ ತೊಳೆಯದ ಸೊಪ್ಪು ತರಕಾರಿಯ ಜೊತೆ ಹೊಟ್ಟೆಗೆ ಹೋಗುವ ಲಾಡಿಹುಳುವಿನ ಮೊಟ್ಟೆ ಕೆಲವರಲ್ಲಿ ಮಿದುಳಿಗೆ ಸೇರಿ ಒಂದು ಸಣ್ಣ ಗಂಟಾಗುತ್ತದೆ. ಹಳ್ಳಿಯವರು ಪಿಟ್ಸು ಎನ್ನುವ ಈ ಕಾಯಿಲೆಗೆ ನಮ್ಮ ಕಡೆ ಅದೂ ಒಂದು ಕಾರಣ. ಗಂಟು ಇರುವತನಕ ಮಾತ್ರೆ ಕೊಡಬೇಕು. ಕೆಲವು ತಿಂಗಳ ನಂತರ ಇನ್ನೊಂದು ಸ್ಕ್ಯಾನ್ ತೆಗೆಸಿ, ಗಂಟು ಹೋಗಿದ್ದರೆ ಮಾತ್ರೆ ಕಡಿಮೆ ಮಾಡುತ್ತಾ ಬಂದು ನಿಲ್ಲಿಸಬಹುದು. ಎಲ್ಲವೂ ನಿಂತಿದ್ದದ್ದು ಎರಡು ಸ್ಕ್ಯಾನುಗಳನ್ನು ಒಂದರ ಮೇಲೊಂದು ಸರಿಯಾಗಿ ಕೂರಿಸಿ ನೋಡುವುದರ ಮೇಲೆ. ಆ ಕೂರಿಸುವ ಕೆಲಸ ಅವರದು.

ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು, ಉತ್ತರದ ಕಡೆ ಯಾವುದೋ ದೊಡ್ಡ ಸಂಸ್ಥೆಯಲ್ಲಿ ಇದ್ದು ಬಂದವರು. ಅದನ್ನು ಅವರು ಯಾರಿಗೂ ಮರೆಯಲು ಬಿಡುತ್ತಿರಲಿಲ್ಲ. ಆದರೆ ಬಾಯಿ ಬಿಟ್ಟರೆ ಪಾಲಹಳ್ಳಿ. ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. "ಏನ್ಲಾ ಎಮ್ಮೆಸ್ಸಿ, ಅದ್ಯಾವ ಪುಣ್ಯಾತ್ಮ ನಿನ್ನ ಪಾಸ್ ಮಾಡ್ದೋನು?" ಇದು ಬೆಳಗಿನ ನಮಸ್ಕಾರ. ನಶ್ಯ ಸೇದುತ್ತಿದ್ದರು. ಸ್ಕ್ಯಾನಿನ ಫಿಲ್ಮುಗಳ ಮೇಲೆ ನಶ್ಯದ ಪುಡಿ ಬಿದ್ದು, ಒಮ್ಮೆ ಯಾರದೋ ಮಿದುಳಿನಲ್ಲಿ ಹೊಸ ಗಂಟು ಕಂಡು ಎಲ್ಲರೂ ಗಾಬರಿಯಾಗಿದ್ದೆವು. ಅವರು ಪಂಚೆಯ ತುದಿಯಿಂದ ಆ ಗಂಟನ್ನು ಒರೆಸಿ, "ಇಷ್ಟು ಸಲೀಸಾಗಿ ಓಗಂಗಿದ್ರೆ ನಮ್ಗೆಲ್ಲ ಯಾಕ್ಲಾ ಸಂಬ್ಳ?" ಎಂದರು.

ಓರೆಯಾಗಿದ್ದದ್ದು ಕಂಡರೆ ಅವರಿಗೆ ಹಲ್ಲುನೋವು ಬಂದಂತಾಗುತ್ತಿತ್ತು. ಹೋದ ಮನೆಗಳಲ್ಲೆಲ್ಲ ಕ್ಯಾಲೆಂಡರು, ದೇವರ ಪಟ ನೆಟ್ಟಗೆ ಮಾಡುವರು. ಪಾಂಡವಪುರದ ಬಸ್ಸಿನಲ್ಲಿ ಒಮ್ಮೆ ಎದ್ದು ಹೋಗಿ ಡ್ರೈವರ್ ಮುಂದಿದ್ದ ದೇವರ ಫೋಟೋ ಸರಿಪಡಿಸಿ ಬಂದರು. ಡ್ರೈವರ್ ತಿರುಗಿ ನೋಡಿ, "ಮೊದ್ಲು ನಿಮ್ ಕುತ್ಗೆ ನೆಟ್ಟಗ್ ಮಾಡ್ಕಳಿ ಯಜಮಾನ್ರೆ" ಎಂದ. ಬಸ್ಸೆಲ್ಲ ನಕ್ಕಿತು. ಅವರೂ ನಕ್ಕರು ಅಂತ ಬರೆಯಬೇಕೆನ್ನಿಸುತ್ತದೆ. ನಕ್ಕಿರಲಾರರು.

ಸ್ಕ್ಯಾನ್ ಎಂದರೇನು ಎಂದು ನಾನು ಕಲಿತದ್ದು ಕೆ.ಆರ್. ಪೇಟೆಯ ಒಂದು ಮೆಸ್ಸಿನಲ್ಲಿ. ಬಿಸಿ ಮುದ್ದೆಯೊಳಕ್ಕೆ ಒಂದು ಅವರೆಕಾಳು ಹುದುಗಿಸಿ, ಜನಿವಾರದಷ್ಟು ತೆಳುವಾದ ದಾರದಿಂದ ಮುದ್ದೆಯನ್ನು ಅಡ್ಡಡ್ಡ ಬಿಲ್ಲೆ ಬಿಲ್ಲೆಯಾಗಿ ಕೊಯ್ದರು. ಮೂರನೆಯ ಬಿಲ್ಲೆಯಲ್ಲಿ ಕಾಳು ಕಂಡಿತು. ಎಲ್ಲವನ್ನೂ ಮತ್ತೆ ಕಲಸಿ, ಕಾಳನ್ನು ಅಲ್ಲೇ ಇಟ್ಟು, ಈ ಸಲ ಮುದ್ದೆಯನ್ನು ಒಂದಿಷ್ಟು ಹಿಂದಕ್ಕೆ ವಾಲಿಸಿ ಕೊಯ್ದರು. ಮೂರನೆಯ ಬಿಲ್ಲೆ ಖಾಲಿ.

"ಕಾಳು ಎಲ್ಲಿಗ್ಲಾ ಓಯ್ತು?"

"ಪಕ್ಕದ ಬಿಲ್ಲೇಲಿರತ್ತೆ ಸಾರ್."

"ಇರತ್ತೆ. ನೀನು ಮೂರ್ನೇದು ಮಾತ್ರ ನೋಡಿ ಮಾಯ ಆಯ್ತು ಅಂತ ಬರ್ಕೊಂಡು, ಊಟ ಮಾಡಿ ಮನೀಕೊತೀಯ."

ಮೆಸ್ಸಿನವನು ಬಂದು, "ಉಣ್ಣದಾ, ಆಟ ಆಡದಾ ಸಾ? ಇಂದೆ ಜನ ಕಾಯ್ತಾವ್ರೆ" ಎಂದ. ಕೊಯ್ದ ಮುದ್ದೆಯನ್ನೇ ಸಾರಿನಲ್ಲಿ ಅದ್ದಿ ನುಂಗಿದರು.

ಫಿಲ್ಮುಗಳನ್ನು ಕಂಪ್ಯೂಟರಿಗೆ ಏರಿಸಿ ಎರಡು ಸ್ಕ್ಯಾನುಗಳನ್ನು ಕೂರಿಸಲು ಅವರು ಒಂದು ಪ್ರೋಗ್ರಾಂ ಬರೆದಿದ್ದರು. ಮೊದಲ ಸ್ಕ್ಯಾನಿನ ಬಿಲ್ಲೆ ಪರದೆಯ ಮೇಲೆ ಕೆಂಪಾಗಿ, ಎರಡನೆಯದು ಹಸಿರಾಗಿ ಬರುತ್ತಿತ್ತು. ಹಸಿರು ನಿಧಾನವಾಗಿ ತಿರುಗಿ, ಹಿಗ್ಗಿ, ಕುಗ್ಗಿ ಕೆಂಪಿನ ಮೇಲೆ ಕೂರುತ್ತಿತ್ತು. ಕೂತಲ್ಲೆಲ್ಲ ಎರಡೂ ಬೆರೆತು ಹಳದಿ. "ಅರಿಶಿನ ಹತ್ತುತ್ತೇನ್ಲಾ?" ಎಂದು ತಮ್ಮ ಕುರ್ಚಿಯಿಂದ ಕೂಗುವರು. ತಲೆಬುರುಡೆಯ ಅಂಚಿನುದ್ದಕ್ಕೂ ಹಳದಿ ಬಳೆ ಮೂಡಿದರೆ ನಾನು "ಹತ್ತಿತು ಸಾರ್" ಎನ್ನುವೆ. ಆಮೇಲೆ ಒಳಗೆ ನೋಡುವುದು. ಗಂಟು ಕೆಂಪಾಗಿ ಉಳಿದಿದ್ದರೆ, ಮೊದಲು ಇತ್ತು, ಈಗಿಲ್ಲ.

ಅರಿಶಿನ ಹತ್ತದಿದ್ದಾಗ ಅವರ ಜಾಣತನ ನೋಡಬೇಕಿತ್ತು. ಫಿಲ್ಮನ್ನು ಯಾರೋ ಮಗುಚಿ ಇಟ್ಟು ಎಡ ಬಲ ಅದಲು ಬದಲಾಗಿದೆಯೇ, ಅಚ್ಚು ಹಾಕುವಾಗ ಅಳತೆ ಚಿಕ್ಕದಾಗಿದೆಯೇ, ಮಲಗಿದವರು ಕತ್ತು ಮಗ್ಗುಲಿಗೆ ತಿರುಗಿಸಿದ್ದರೇ, ಇವನ್ನೆಲ್ಲ ಫಿಲ್ಮನ್ನು ಕಿಟಕಿಗೆ ಹಿಡಿದ ಗಳಿಗೆಯಲ್ಲೇ ಹೇಳಿಬಿಡುವರು. ಒಂದನ್ನು ಮಾತ್ರ ಆ ಪ್ರೋಗ್ರಾಂ ಸರಿಪಡಿಸುತ್ತಿರಲಿಲ್ಲ. ತಲೆ ಹಿಂದಕ್ಕೋ ಮುಂದಕ್ಕೋ ವಾಲಿದ್ದರೆ ಅದು ಬೇರೆಯೇ ಬಿಲ್ಲೆ. ಅದು ಅವರಿಗೆ ಗೊತ್ತಿತ್ತು. ಗೊತ್ತಿಲ್ಲದವರು ಮುದ್ದೆ ಕೊಯ್ದು ತೋರಿಸುತ್ತಾರೆಯೇ? ಆದರೆ ಕಣ್ಣಿನ ಮೂಲೆಯಿಂದ ಕಿವಿಯ ತೂತಿಗೆ ಒಂದು ಗೆರೆ ಹಿಡಿದು, ಯಂತ್ರದ ಬಳೆಯನ್ನು ಅದಕ್ಕೆ ತಕ್ಕಂತೆ ಓರೆ ಮಾಡಿ ಚಿತ್ರ ತೆಗೆಯುವುದು ಸ್ಕ್ಯಾನ್ ಕೋಣೆಯವರ ಪದ್ಧತಿ. ಅವರು ಮಾಡುತ್ತಾರೆ ಎಂದು ಇವರು ನಂಬಿದ್ದರು. ವ್ಯಾನು ತುಂಬ ಜನ ಬಂದ ದಿನ ಕೋಣೆಯವರು ಮಾಡುತ್ತಿರಲಿಲ್ಲ.

ಅದು ತಿಳಿದದ್ದು ನಾವಿಬ್ಬರೂ ಸ್ಕ್ಯಾನ್ ಕೋಣೆಯ ಗಾಜಿನ ಆಚೆ ನಿಂತಿದ್ದ ಒಂದು ದಿನ. ಒಳಗೆ ಒಬ್ಬ ಹೆಂಗಸು ಮಲಗಿದ್ದರು. ಪಿನ್ನುಗಳನ್ನೆಲ್ಲ ತೆಗೆಸಿದ್ದರು, ಆದರೆ ಕೂದಲು ಬಿಚ್ಚಲು ಆಕೆ ಒಪ್ಪಿರಲಿಲ್ಲ. ಗಂಡಸರ ಎದುರು ತಲೆ ಕೆದರಿಕೊಂಡು ಮಲಗಲು ಅದೇನು ಸಾವಿನ ಮನೆಯೇ? ದಪ್ಪ ತುರುಬಿನ ಮೇಲೆ ತಲೆ ಎತ್ತಿ ನಿಂತು, ಗದ್ದ ಎದೆಗೆ ತಾಗುತ್ತಿತ್ತು. ಆಕೆ ಎದ್ದರು. ಮುಂದಿನಾಕೆ ಬಂದರು. ಇವರದು ಬೋಳು ತಲೆ. ಪಿಟ್ಸು ನಿಂತರೆ ಮುಡಿ ಕೊಡುತ್ತೇನೆಂದು ಹರಕೆ ಹೊತ್ತು, ನಿಂತ ಮೇಲೆ ಕೊಟ್ಟು ಬಂದವರು. ಹಿಂದಲೆ ನೇರವಾಗಿ ಹಲಗೆಗೆ ತಾಗಿ, ಗದ್ದ ಸೂರು ನೋಡುತ್ತಿತ್ತು.

ಮೊದಲು ಗಮನಿಸಿದವನು ನಾನು ಎಂದು ಬಹಳ ಕಾಲ ನಂಬಿದ್ದೆ. ಈಗ ಆ ಧೈರ್ಯವಿಲ್ಲ. ಅವರು ನನ್ನ ಮೊಣಕೈ ಹಿಡಿದುಕೊಂಡದ್ದು ಮಾತ್ರ ನಿಜ, ನೋವಾಗಿತ್ತು. "ಮುಡಿ ಕೊಟ್ಟೋರೆಲ್ಲ ಮೊದ್ಲು ತುರುಬಿಟ್ಕೊಂಡು ಬಂದಿದ್ದೋರು ಕಣ್ಲಾ" ಎಂದರು.

ನಾಲ್ಕೂ ತಾಲ್ಲೂಕಿನಲ್ಲಿ ಎಲ್ಲರೂ ಮಾಡುವ ಕೆಲಸ ಅದು. ಮಾತ್ರೆ ನುಂಗುತ್ತಾರೆ, ಹರಕೆಯನ್ನೂ ಹೊರುತ್ತಾರೆ. ಪಿಟ್ಸು ನಿಂತವರು ಮುಡಿ ಕೊಡುತ್ತಾರೆ. ಮುಡಿ ಕೊಟ್ಟವರ ತಲೆ ಹಲಗೆಯ ಮೇಲೆ ಬೇರೆ ಥರ ಮಲಗುತ್ತದೆ. ಬಿಲ್ಲೆ ತಪ್ಪುತ್ತದೆ. ಗಂಟು ಮಾಯವಾಗುತ್ತದೆ. ಯಾರು ಗುಣವಾದಂತೆ ಕಾಣುತ್ತಿದ್ದರೋ ಅವರ ಸ್ಕ್ಯಾನೇ ಅವರಿಗೆ ಗುಣವಾಗಿದೆ ಎಂದು ಸುಳ್ಳು ಸಾಕ್ಷಿ ಹೇಳುತ್ತಿತ್ತು. ಯಾರಿಗೂ ಅನುಮಾನ ಬರಲು ಎಡೆಯೇ ಇರಲಿಲ್ಲ.

ಕಚೇರಿಗೆ ಬಂದು ಮುಡಿ ಕೊಟ್ಟವರ ಫಿಲ್ಮುಗಳನ್ನೆಲ್ಲ ಕಿಟಕಿಗೆ ಹಿಡಿದರು. ಮೊದಲ ಸ್ಕ್ಯಾನಿನಲ್ಲಿ ಕಿವಿಯ ಮೂಳೆ ಕಾಣುವ ಬಿಲ್ಲೆಯ ಮುಂಭಾಗದಲ್ಲಿ ಹಣೆಯ ಮಿದುಳು. ಎರಡನೆಯದರಲ್ಲಿ ಅದೇ ಕಿವಿಯ ಮೂಳೆಯ ಎದುರಿಗೆ ಎರಡು ಕಣ್ಣುಗುಡ್ಡೆ. ಎಷ್ಟು ಸಲ ನೋಡಿದ್ದೆವು ಆ ಕಣ್ಣುಗಳನ್ನು! ಪ್ರೋಗ್ರಾಂ ಮಾತ್ರ ಎರಡು ಅಂಡಾಕಾರಗಳನ್ನು ಒಂದಕ್ಕೊಂದು ಹಿಗ್ಗಿಸಿ ಕುಗ್ಗಿಸಿ ಕೂರಿಸಿ, ಅಂಚಿನ ತುಂಬ ಅರಿಶಿನ ಬಳಿದು ಕೊಟ್ಟಿತ್ತು.

"ಅಂಚು ನಮ್ದು. ಒಳಗೆ ಬ್ಯಾರೆ ಯಾರ್ದೋ ಮನೆ" ಎಂದರು. ಆ ದಿನ ನಶ್ಯದ ಡಬ್ಬಿ ಮುಟ್ಟಲಿಲ್ಲ.

ಅವುಗಳಲ್ಲಿ ಒಬ್ಬ ಹುಡುಗಿಯ ಫಿಲ್ಮಿತ್ತು. ತೊಣ್ಣೂರಿನ ಹತ್ತಿರದ ಒಂದು ಹಳ್ಳಿಯವಳು. ಜೋಡಿಯಾದ ಬಿಲ್ಲೆಯಲ್ಲಿ ಏನೂ ಇರಲಿಲ್ಲ. ಅದರ ಮೇಲಿನ ಬಿಲ್ಲೆಯಲ್ಲಿ ಮಸುಕಾಗಿ ಒಂದು ಚುಕ್ಕೆ. ಕೆಳಗೆ "ಗಂಟು ಇಲ್ಲ" ಎಂದು ಅವರದೇ ಕೈಬರಹ. ಒಂದು ವರ್ಷದ ಹಿಂದೆಯೇ ಅವಳ ಮಾತ್ರೆ ನಿಂತಿತ್ತು.

ಯೋಜನೆಯ ನಿರ್ದೇಶಕರು ನರರೋಗ ತಜ್ಞರು, ಕೆಟ್ಟವರಲ್ಲ. ಗಾಬರಿ ಹುಟ್ಟಿಸುವುದು ಬೇಡ, ಮುಂದಿನ ತಪಾಸಣೆಗೆ ಬಂದಾಗ ಒಬ್ಬೊಬ್ಬರನ್ನೇ ಮತ್ತೆ ನೋಡೋಣ ಎಂದರು. ಇವರು ಎದ್ದು ನಿಂತು, "ಅವ್ರು ಬರೋಗಂಟ ಪಿಟ್ಸು ಕಾಯ್ತದ ಸಾರ್?" ಎಂದು ಕೇಳಿ ಹೊರಗೆ ಬಂದರು. ಮರುದಿನದಿಂದ ಬಸ್ಸು. ಚೀಲದಲ್ಲಿ ಮಾತ್ರೆ. ಕೆಲವು ಹಳ್ಳಿಗಳಿಗೆ ನಾನೂ ಹೋದೆ.

ಹೋದಲ್ಲೆಲ್ಲ ಒಂದೇ ಪ್ರಶ್ನೆ. ಮೇಲುಕೋಟೆಯ ತಪ್ಪಲಿನ ಒಂದು ಊರಿನಲ್ಲಿ ಮುದುಕಿಯೊಬ್ಬಳು ಜಗಲಿಯಿಂದ ಏಳದೆಯೇ ಕೇಳಿದಳು: "ಮುಡಿ ಕೊಟ್ಟಾದ್ಮೇಲೆ ಮತ್ತೆ ಮಾತ್ರೆ ನುಂಗುದ್ರೆ ದೇವ್ರಿಗೆ ಏನಪ್ಪ ಯೋಳದು? ನೀನ್ ಕೊಟ್ಟಿದ್ದು ಸಾಲ್ದು ಅನ್ನದಾ?"

"ದೇವ್ರು ಕೊಟ್ಟಿಲ್ಲ ಅಂತ ನಾನೆಲ್ಲವ್ವ ಅಂದೆ? ನಾವು ಸುಳ್ಳು ಯೋಳಿದ್ವಿ. ದೇವ್ರಿಗೂ ನಮಗೂ ತಳುಕು ಆಕ್ಬೇಡ."

"ಓದ್ದೋರು ಸುಳ್ಳು ಯೋಳೀರಾ?"

"ಗೊತ್ತಿಲ್ದೆ ಯೋಳಿದ್ವಿ. ಅದೂ ಸುಳ್ಳೇ."

ಮನೆಮನೆಯಲ್ಲೂ ಹೀಗೇ ಹೇಳಿದರು. ಕೆಲವರು ಮಾತ್ರೆ ತೆಗೆದುಕೊಂಡರು. ಕೆಲವರು ತೆಗೆದುಕೊಂಡು ನಾವು ತಿರುಗಿದ ಮೇಲೆ ಬೇಲಿಗೆ ಎಸೆದಿರಬೇಕು. ಬೈದವರೂ ಇದ್ದರು. ಒಬ್ಬರ ಬಾಯಿಗೂ ಅವರು ಎದುರಾಡಿದ್ದು ನಾನು ನೋಡಲಿಲ್ಲ. ಅಷ್ಟು ಹರಿತ ನಾಲಿಗೆಯ ಮನುಷ್ಯ.

ತೊಣ್ಣೂರಿನ ಕಡೆಯ ಆ ಮನೆ ಮಾತ್ರ ನನ್ನ ಕಣ್ಣಿಗೆ ಕಟ್ಟಿದಂತಿದೆ. ಹುಡುಗಿಯ ಅಪ್ಪ ಎತ್ತಿಗೆ ಹುಲ್ಲು ಹಾಕಿ ಕೈ ಒರೆಸಿಕೊಂಡು ಬಂದ. ಒಳಗೆ ಚಾಪೆ ಹಾಸಿದ. ನೀರು ತಂದಿಟ್ಟ. ಅವರು ಮುಟ್ಟಲಿಲ್ಲ.

"ಮದ್ವೆ ಮಾಡ್ಬುಟ್ವಿ ಸಾ. ನೀವೇ ಅಲ್ವ ಗಂಟು ಓಯ್ತು ಅಂದಿದ್ದು?"

"ನಾವೇ. ತಪ್ಪಾಗ್ ನೋಡಿದ್ವಿ. ಗಂಟು ಇರ್ಬೋದು, ಇಲ್ದೆನೂ ಇರ್ಬೋದು. ಇನ್ನೊಂದ್ಸಲ ನೋಡ್ಬೇಕು. ಅಲ್ಲಿಗಂಟ ಮಾತ್ರೆ ನುಂಗ್ಲಿ."

ಅಪ್ಪ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ನಾಗಮಂಗ್ಲದ್ ಕಡೆ ಕೊಟ್ಟಿವಿ. ಪಿಟ್ಸಿತ್ತು ಅಂತ ಅವ್ರಿಗೆ ಗೊತ್ತಿಲ್ಲ. ಕೂದ್ಲು ಇನ್ನೂ ಬೆಳ್ದಿರ್ಲಿಲ್ಲ, ಚೌರಿ ಆಕಿ ಜಡೆ ಎಣ್ದು ದಾರೆ ಎರ್ದಿವಿ. ನೀವು ಆ ಬಾಗ್ಲಿಗೆ ಮಾತ್ರೆ ತಕೊಂಡು ಓದ್ರೆ ಸಂಜೀಕೆ ನನ್ ಮಗ್ಳು ಈ ಬಾಗ್ಲಲ್ಲಿರ್ತಾಳೆ."

"ನೀವೇ ಕೊಟ್ಬುಟ್ಟು ಬನ್ನಿ. ಗುಟ್ಟಾಗಿ."

"ಎಲ್ಲಿಟ್ಕೊಂಡಾಳು ಸಾ? ಒಸ ಮನೆ. ಅವ್ಳ ಪೆಟ್ಗೆ ಬೀಗುದ್ ಕೈನೂ ಅತ್ತೆ ಸೊಂಟದಲ್ಲದೆ." ಮತ್ತೆ ಅವನೇ ಹೇಳಿದ: "ಆಷಾಢಕ್ಕೆ ಕರ್ಕೊಂಡ್ ಬತ್ತೀವಿ. ಮೊದಲ್ನೇ ಆಷಾಢ, ಒಸ ಸೊಸೇನ ಅವ್ರು ಕಳಿಸ್ಲೇಬೇಕು. ತಿಂಗ್ಳು ಪೂರ್ತಿ ಇಲ್ಲೇ ಇರ್ತಾಳೆ. ಸ್ಕ್ಯಾನೇ ಮಾಡುಸ್ತೀರೋ ಮಾತ್ರೆನೇ ಕೊಡ್ತೀರೋ, ಒಬ್ರಿಗೂ ಗೊತ್ತಾಗಕಿಲ್ಲ. ಅಲ್ಲಿಗಂಟ ತಡ್ಕಳಿ ಸಾ. ನಿಮ್ ಕಾಲ್ ಇಡ್ಕೊತೀನಿ."

ಆಗ ಜ್ಯೇಷ್ಠ ಶುರುವಾಗಿತ್ತು. ಎದುರಿನ ಗೋಡೆಯಲ್ಲಿ ಒಂದು ಕ್ಯಾಲೆಂಡರು ಓರೆಯಾಗಿ ನೇತಾಡುತ್ತಿತ್ತು. ಅವರು ಅದನ್ನೇ ನೋಡುತ್ತಾ ಕೂತರು. ಎದ್ದು ಸರಿಪಡಿಸಲಿಲ್ಲ. "ಆಯ್ತು, ಆಷಾಢಕ್ಕೆ" ಎಂದರು.

ಮಾತ್ರೆಯಿಲ್ಲದೆ ಒಂದು ವರ್ಷ ಚೆನ್ನಾಗಿದ್ದವಳು. ಇನ್ನು ಕೆಲವೇ ವಾರ. ಒಂದು ಕಡೆ ಮಸುಕಾದ ಚುಕ್ಕೆ, ಅದೂ ಗಂಟೋ ಅಲ್ಲವೋ. ಇನ್ನೊಂದು ಕಡೆ ಖಂಡಿತ ಮುರಿಯುವ ಸಂಸಾರ. ಸಂಖ್ಯಾಶಾಸ್ತ್ರ ಓದಿದ ನನ್ನನ್ನು ಇವತ್ತು ಕೇಳಿದರೂ ಕಾಯುವುದೇ ಸರಿ ಎನ್ನುತ್ತೇನೆ.

ಆಷಾಢ ಹುಟ್ಟುವ ಮುಂಚೆಯೇ, ಹಳ್ಳಿಗಳಿಗೆ ಮಾತ್ರೆ ಹಂಚಲು ಹೋಗುತ್ತಿದ್ದ ನಮ್ಮ ನರ್ಸು ನಾಗಮಂಗಲದಿಂದ ಸುದ್ದಿ ತಂದರು. ಹುಡುಗಿ ಕೆರೆಯ ತೂಬಿನ ಹತ್ತಿರ ಬಟ್ಟೆ ಒಗೆಯಲು ಹೋಗಿದ್ದಳು. ಜೊತೆಯವರು ಹಿಂಡಿದ ಬಟ್ಟೆಗಳನ್ನು ಏರಿಯ ಮೇಲೆ ಹರಡಲು ಹೋಗಿ ಬರುವಷ್ಟರಲ್ಲಿ ಮುಗಿದಿತ್ತು. ಮೊಣಕಾಲುದ್ದದ ನೀರು. ಕವುಚಿ ಬಿದ್ದಿದ್ದಳು. ಪಾಚಿಯ ಕಲ್ಲಿನ ಮೇಲೆ ಜಾರಿ ತಲೆಗೆ ಪೆಟ್ಟಾಗಿದೆ ಎಂದು ಗಂಡನ ಮನೆಯವರು ತಿಳಿದರು. ಅಪ್ಪ ಹೋಗಿ ಮಣ್ಣು ಹಾಕಿ, ಪಿಟ್ಸಿನ ಮಾತು ಎತ್ತದೆ ತಿರುಗಿ ಬಂದ. ಮನೆಯಲ್ಲಿ ಇನ್ನೊಬ್ಬಳು ಮಗಳಿದ್ದಳು.

ಆ ಹೊತ್ತಿಗೆ ಸರಿಯಾಗಿ ಕರೆಂಟು ಹೋಗಿ ಪರದೆ ಕಪ್ಪಾಯಿತು ಎಂದು ನನಗೆ ನೆನಪು. ಇದು ನಾನು ಆಮೇಲೆ ಸೇರಿಸಿಕೊಂಡದ್ದೂ ಇರಬಹುದು.

ಮಾರನೆಯ ವಾರ ಪಾಂಡವಪುರದ ಬಡಗಿಯೊಬ್ಬನ ಹತ್ತಿರ ಒಂದು ತಲೆಹಲಗೆ ಮಾಡಿಸಿಕೊಂಡು ಬಂದರು. ತುರುಬು ಒಳಗೆ ಕೂರುವಂತೆ ಹಿಂದಲೆಯ ಕೆಳಗೆ ಒಂದು ಗುಳಿ. ಲೋಹ ಚಿತ್ರ ಕೆಡಿಸುತ್ತದೆಂದು ಮೊಳೆಯಿಲ್ಲ, ಬರೀ ಅಂಟು. ಸ್ಕ್ಯಾನ್ ಕೋಣೆಯವರಿಗೆ ಕೊಟ್ಟು, "ಅವ್ರ ಜಡೆಗೆ ಕೈ ಆಕ್ಬೇಡಿ. ಇದ್ರ ಮೇಲೆ ಮನುಗ್ಸಿ, ಗೆರೆ ನೋಡಿ, ಆಮೇಲೆ ಬಟನ್ ಒತ್ತಿ" ಎಂದರು. ಪ್ರೋಗ್ರಾಮಿನಿಂದ ಬಣ್ಣ ತೆಗೆದುಹಾಕಿದರು. ಕಣ್ಣು, ಕಿವಿಯ ಮೂಳೆ ಎರಡೂ ಒಂದೇ ಬಿಲ್ಲೆಯಲ್ಲಿ ಕೂಡದಿದ್ದರೆ ಅದು ಏನನ್ನೂ ತೋರಿಸುತ್ತಲೇ ಇರಲಿಲ್ಲ. ಅರಿಶಿನದ ಮಾತು ಆ ಮನೆಯಲ್ಲಿ ನಿಂತುಹೋಯಿತು. ನನ್ನನ್ನು ಎಮ್ಮೆಸ್ಸಿ ಎಂದು ಕರೆಯುವುದೂ ನಿಂತಿತು. ಏನಪ್ಪ, ಬಾಪ್ಪ ಎನ್ನತೊಡಗಿದರು. ಬೈಗುಳವೇ ವಾಸಿಯಾಗಿತ್ತು.

ನಾನು ಹೆಚ್ಚು ದಿನ ಇರಲಿಲ್ಲ. ವರದಿಯಲ್ಲಿ ಆ ಹುಡುಗಿಯನ್ನು "ಸಂಪರ್ಕಕ್ಕೆ ಸಿಗದವರು" ಎಂಬ ಸಾಲಿಗೆ ಸೇರಿಸಿದ್ದರೆಂದೂ, ಇವರು ತಮ್ಮ ಹೆಸರು ತೆಗೆಸಿಹಾಕಿ ಊರು ಸೇರಿ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದರೆಂದೂ ಆಮೇಲೆ ಕೇಳಿದೆ.

ಅವರು ಸತ್ತದ್ದು ಆ ದಶಕದ ಕೊನೆಯಲ್ಲಿ, ಗದ್ದೆಯ ಬದುವಿನಲ್ಲಿ, ಎದೆನೋವಿನಿಂದ. ಹನ್ನೊಂದನೆಯ ದಿನದ ಕಾರ್ಯಕ್ಕೆ ಪಾಲಹಳ್ಳಿಗೆ ಹೋದೆ. ಆಷಾಢದ ಗಾಳಿಗೆ ಶಾಮಿಯಾನ ಪಟಪಟ ಬಡಿಯುತ್ತಿತ್ತು. ಬಸ್ಸಿಳಿದು ಬಂದ ಒಬ್ಬ ಮುದುಕ ಬೀದಿಯಲ್ಲೇ ನಿಂತು ಶಾಮಿಯಾನ ನೋಡಿ, ಅಂಚಿನಲ್ಲಿ ಕೂತಿದ್ದ ನನ್ನನ್ನು ಕೇಳಿದ: "ಲೆಕ್ಕದ್ ಮೇಷ್ಟ್ರು ಮನೆ ಇದೇ ಅಲ್ವ ಸಾ? ಏನ್ ಕಾರ್ಯ?"

ಹೇಳಿದೆ. ಪಕ್ಕದ ಕುರ್ಚಿಯಲ್ಲಿ ಕೂತ. ಎಲ್ಲಿಂದ ಬಂದಿರಿ ಎಂದೆ. ತೊಣ್ಣೂರಿನ ಕಡೆಯಿಂದ ಎಂದ. ನಾಗಮಂಗಲಕ್ಕೆ ಕೊಟ್ಟಿದ್ದ ಹುಡುಗಿಯ ಅಪ್ಪನೇ ಎಂದು ಕೇಳಿದೆ, ಹೌದೆಂದ. ನೋಡಿದೆ. ನನ್ನ ಕಣ್ಣಿಗೆ ಕಟ್ಟಿದ್ದ ಮುಖ ಅದಲ್ಲ. ನಾನು ಅವರ ಜೊತೆ ಕೆಲಸ ಮಾಡುತ್ತಿದ್ದೆ, ಆ ದಿನ ನಿಮ್ಮ ಮನೆಗೂ ಬಂದಿದ್ದೆ ಎಂದೆ.

ಅವನು ನನ್ನನ್ನು ಮೇಲೆ ಕೆಳಗೆ ನೋಡಿದ. "ಇಲ್ಲ. ಅವ್ರೊಬ್ರೇ ಬಂದಿದ್ದು."

"ಗೋಡೇಲಿ ಒಂದು ಕ್ಯಾಲೆಂಡರಿತ್ತು."

"ಗೋಡೇಲಾ? ನಾವು ಜಗ್ಲಿ ಮೇಲ್ ಕೂತಿದ್ವಿ. ಒಳೀಕ್ ಬರ್ಲೇ ಇಲ್ಲ ಅವ್ರು."

ಇಷ್ಟು ವರ್ಷ ನಾನು ನೋಡುತ್ತಾ ಬಂದ ಮನೆ ಯಾರದೋ ಗೊತ್ತಿಲ್ಲ.

"ವರ್ಸ ವರ್ಸ ಬರೋರು ಸಾ" ಎಂದ ಮುದುಕ. "ಆಷಾಢ ಬಿದ್ ಮೊದಲ್ನೇ ವಾರ. ಜಗ್ಲಿ ಮೇಲೆ ಕೂರೋರು. ಒಂದ್ ಮಾತಿಲ್ಲ. ಬಸ್ ಬರೋ ಒತ್ಗೆ ಎದ್ ಓಗೋರು. ನಮ್ ಬೀದಿಯೋರು ಯಾರು ಅವ್ರು, ಯಾಕ್ ಬತ್ತಾರೆ ಅಂತ ಕೇಳೋರು. ಏನ್ ಅಂತ ಯೋಳದು? ಎರಡ್ನೇ ಮಗ್ಳ ಮದ್ವೆ ಆಗ್ಬೇಕಾಗಿತ್ತು. ನೆಂಟ್ರು ಅಂದೆ, ಬ್ಯಾಂಕ್ನೋರು ಅಂದೆ. ಬರ್ಬೇಡಿ ಅಂತ ಅನ್ನಕಾಯ್ತದ, ಬಾಗ್ಲಿಗ್ ಬಂದೋರ್ನ? ಅವ್ರು ಬಂದ್ ಓದ್ರೆ ನನ್ನೆಂಡ್ರು ಎಂಟ್ ದಿನ ಅನ್ನ ಮುಟ್ತಿರ್ಲಿಲ್ಲ. ಬರೋದ್ ನಿಲ್ಸುದ್ರೆ ಸಾಕಪ್ಪ ಅಂತಿದ್ವಿ."

ಶಾಮಿಯಾನದ ಕಂಬಕ್ಕೆ ಕಟ್ಟಿದ್ದ ಹಗ್ಗ ಸಡಿಲವಾಗಿತ್ತು. ಅವನು ಅದನ್ನೇ ನೋಡುತ್ತಿದ್ದ.

"ಈ ವರ್ಸ ಆಷಾಢ ಬಿತ್ತು, ಬರ್ಲಿಲ್ಲ. ಇನ್ನೊಂದ್ ವಾರ ನೋಡ್ದೋ, ಬರ್ಲಿಲ್ಲ. ನೀನೇ ಓಗಿ ನೋಡ್ಕೊಂಡ್ ಬಾ ಅಂತ ಅವ್ಳೇ ಕಳಿಸುದ್ಲು."

ಒಳಗಿನಿಂದ ಊಟಕ್ಕೆ ಏಳಿ ಎಂದು ಕೂಗಿದರು. ಅವನು ಹೊರಟುಬಿಡುತ್ತಾನೆಂದುಕೊಂಡೆ. ಎದ್ದು ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡ.

"ಅವ್ರು ನಮ್ಮಟ್ಟೀಲಿ ಒಂದ್ ತೊಟ್ಟು ನೀರ್ ಕುಡಿಲಿಲ್ಲ ಸಾ. ತಂದಿಟ್ಟಿದ್ದು ಅಂಗೇ ಇರೋದು. ನಾನು ಉಂಡೇ ಓಯ್ತೀನಿ."

ಪಂಕ್ತಿಯ ತುದಿಯಲ್ಲಿ ಕೂತು, ಎಲೆಗೆ ನೀರು ಚಿಮುಕಿಸಿ, ಬಡಿಸಿದ್ದನ್ನೆಲ್ಲ ಉಂಡ. ಇನ್ನೊಂದು ಸಲ ಮುದ್ದೆ ಹಾಕಿಸಿಕೊಂಡ.